ಕುಲಾವಿ: ಆಸ್ಥಾನದಲ್ಲಿ, ತೊಟ್ಟಿಲಲ್ಲಿ

'ಕೂಸು ಹುಟ್ಟುವ ಮುನ್ನ ಕುಲಾವಿ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಸುಗೂಸಿಗೆ ತೊಡಿಸುವ ಈ ಟೊಪ್ಪಿಗೆಯ ಹೆಸರು ಪಾರಸಿಯ 'ಕುಲಾಹ್' ಶಬ್ದದಿಂದ ಬಂದುದು. ವಿಜಯನಗರದ ಅರಸರು ಧರಿಸುತ್ತಿದ್ದ ಶಂಕುವಿನಾಕಾರದ ಎತ್ತರದ ಟೊಪ್ಪಿಗೆ 'ಕುಲ್ಲಾಯಿ'ಯ ಮೂಲವೂ ಅದೇ. ಅರಸನ ತಲೆಗೂ ಕೂಸಿನ ತಲೆಗೂ ಸಲ್ಲುವ ಈ ಶಬ್ದದ ಹಿಂದೆ ಉಡುಪಿನ ಒಂದು ದೀರ್ಘ ಚರಿತ್ರೆಯಿದೆ.

ಹೊಯ್ಸಳ ಶಿಲ್ಪಗಳಲ್ಲಿ ರಾಜವೈಭವವನ್ನು ಸಾರುವುದು ಬಹುಮಟ್ಟಿಗೆ ಆಭರಣ. ಹೊಲಿದ ಉಡುಪು ಅಲ್ಲಿ ವಿರಳ. ವಿಜಯನಗರದ ಚಿತ್ರ ಬೇರೆಯೇ ಆಗಿದೆ. 1443ರಲ್ಲಿ ಬಂದ ತೈಮೂರಿ ರಾಯಭಾರಿ ಅಬ್ದುರ್ ರಝಾಕ್, ಎರಡನೆಯ ದೇವರಾಯನು ಸ್ಯಾಟಿನ್ ನಿಲುವಂಗಿ ಧರಿಸಿದ್ದನ್ನು ದಾಖಲಿಸಿದ್ದಾನೆ. ಅರಬ್ಬಿಯ 'ಕಬಾ' ನಮ್ಮಲ್ಲಿ 'ಕಬಾಯಿ'ಯಾಯಿತು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಜರತಾರಿ ಟೊಪ್ಪಿಗೆಯನ್ನು ವರ್ಣಿಸಿದ್ದಾನೆ. ಕರ್ಣಾಟಕದ ಅರಸನ ದರ್ಶನಕ್ಕಾಗಿ ಕುಲ್ಲಾಯಿ, ನಿಲುವಂಗಿಗಳನ್ನು ತೊಡಬೇಕಾಯಿತೆಂದು ಹಲುಬುವ ತೆಲುಗು ಚಾಟುಪದ್ಯವೊಂದು ಶ್ರೀನಾಥ ಕವಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆಸ್ಥಾನಕ್ಕೆ ತನ್ನದೇ ಆದ ಉಡುಪಿನ ಕಟ್ಟಳೆಯಿತ್ತೆಂಬುದು ಇದರಿಂದ ವೇದ್ಯವಾಗುತ್ತದೆ.

ಹಾಗಾದರೆ ಇದು ಪರಧರ್ಮದ ಅನುಕರಣೆಯೆ? ನಾವು ಹಾಗೆ ಭಾವಿಸುವುದಿಲ್ಲ. ಪಶ್ಚಿಮ ಏಷ್ಯಾದಿಂದ ದಖ್ಖನಿನವರೆಗೆ ಹಬ್ಬಿದ್ದ ಒಂದು ರಾಜಕೀಯ ಸಂಸ್ಕೃತಿಯಲ್ಲಿ ಪಾಲುಗೊಳ್ಳುವ ಕ್ರಮವಿದು ಎಂದು ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರತಿಪಾದಿಸಿದರು. ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯನ್ನು ಈ ದೃಷ್ಟಿಯಿಂದ ನೋಡಬೇಕು. ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಅರಸನ ತಲೆಯ ಮೇಲೆ ಕುಲ್ಲಾಯಿಯಿದೆ, ಮೈಮೇಲೆ ಕಬಾಯಿಯಿಲ್ಲ. ದೇವರೆದುರು ಮೇಲುಡುಪನ್ನು ಬಿಟ್ಟವನು ಅರಸುತನದ ಟೊಪ್ಪಿಗೆಯನ್ನು ಬಿಟ್ಟಿಲ್ಲ. ಉಡುಪು ಇಲ್ಲಿ ಮತದ ಗುರುತಿಗಿಂತ ಹೆಚ್ಚಾಗಿ ಸ್ಥಳ, ಸಂದರ್ಭ, ಅಧಿಕಾರಗಳ ಭಾಷೆಯಾಗಿದೆ. ಉಡುಪನ್ನು ಕಂಡೊಡನೆ ಮತವನ್ನು ನಿರ್ಣಯಿಸುವ ಇಂದಿನ ಅಭ್ಯಾಸವನ್ನು ಆ ಕಾಲದ ಮೇಲೆ ಹೇರಿದರೆ ಪ್ರತಿಮೆಯೂ ಅರ್ಥವಾಗದು, ಪದ್ಯವೂ ಅರ್ಥವಾಗದು.

ಈ ಅಧ್ಯಯನಕ್ಕೆ ಕನ್ನಡ ಆಕರಗಳಷ್ಟೇ ಸಾಲವು. ಪಾರಸಿ ವೃತ್ತಾಂತಗಳು, ತೆಲುಗು ಚಾಟುಗಳು, ಆಂಧ್ರಪ್ರದೇಶದ ಲೇಪಾಕ್ಷಿಯ ಭಿತ್ತಿಚಿತ್ರಗಳು ಜೊತೆಗೂಡಬೇಕು. ಹೊರನಾಡಿನಲ್ಲಿದ್ದು ನೆರೆಭಾಷೆಗಳೊಡನೆ ನಿತ್ಯ ಒಡನಾಡುವ ಸಂಶೋಧಕರಿಗೆ ಇದು ಸುಲಭಸಾಧ್ಯ. 'ಅನ್ಯದೇಶ್ಯ' ಎಂದು ಹೆಸರಿಸಿ ನಾವು ಬದಿಗಿರಿಸುವ ಶಬ್ದಗಳಲ್ಲಿ ನಮ್ಮದೇ ಚರಿತ್ರೆ ಅಡಗಿರುತ್ತದೆ ಎಂಬುದಕ್ಕೆ ಕುಲಾವಿಯೇ ಸಾಕ್ಷಿ.