ಮಣ್ಣಿನ ಹಕ್ಕಿಗೆ ಎಂಥ ಕೋವಿ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕೋವಿಗೇನು ಕೆಲಸ ಅಂತ ಕೇಳುವವರಿದ್ದಾರೆ. ಕೆಲಸ ಇದೆ. ದೆಹಲಿಯ ನಮ್ಮ ಹುಡುಗರಲ್ಲಿ ಇಬ್ಬರು ಮೂವರಿಗೆ ಈಚೆಗೆ ತುಘಲಕಾಬಾದಿನ ಶೂಟಿಂಗ್ ರೇಂಜಿನ ಹುಚ್ಚು ಹತ್ತಿದೆ. ಒಬ್ಬ ಕೊಡಗಿನವನು, ರಜೆಗೆ ಹೋದಾಗ ಅಜ್ಜನ ಕಾಲದ ಜೋಡುನಳಿಗೆ ಕೋವಿ ತಂದು ಅದರಲ್ಲೇ ಹೊಡೀತೀನಿ ಅನ್ನುತ್ತಾನೆ. ಇನ್ನೊಬ್ಬ ಸಾಲ ಮಾಡಿಯಾದರೂ ಹೊಸದು ಕೊಳ್ಳುವವನು. ಇಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಮೊದಲು ಆಟ ಏನೆಂದು ತಿಳಿಯೋಣ. ಒಂದು ಕಾಲಕ್ಕೆ ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಪಂದ್ಯಗಳಲ್ಲೂ ಹಾಗೇ ನಡೆಯಿತು. ಈಗ ಆ ಜಾಗಕ್ಕೆ ಬಿಲ್ಲೆ ಬಂದಿದೆ. 'ಕ್ಲೇ' ಅನ್ನುತ್ತಾರೆ, ಆದರೆ ಅದರಲ್ಲಿ ಮಣ್ಣೇ ಇಲ್ಲ: ಸುಣ್ಣಕಲ್ಲಿನ ಪುಡಿ ಮತ್ತು ಡಾಮರಿನಂಥ ಅಂಟು. ಅಡ್ಡಗಲ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಯಂತ್ರ ಅದನ್ನು ಬೀಸಿ ಎಸೆಯುತ್ತದೆ. ಟ್ರಾಪ್ ಆಟದಲ್ಲಿ ಅದು ನಮ್ಮಿಂದ ದೂರ ಓಡುತ್ತದೆ, ಸ್ಕೀಟ್‌ನಲ್ಲಿ ಎದುರಿಗೆ ಅಡ್ಡ ಹಾಯುತ್ತದೆ. ಒಂದು ಸುತ್ತಿಗೆ 25 ಬಿಲ್ಲೆ. ಈ 25 ಅನ್ನುವ ಲೆಕ್ಕ ನೆನಪಿರಲಿ, ನಮ್ಮ ಜೇಬು ಖಾಲಿಯಾಗುವುದು ಕೋವಿಯಿಂದಲ್ಲ, ಇದರಿಂದ.

ಅಳತೆ ವಿಚಾರ. '12 ಬೋರ್' ಅಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮನಾದ ಗುಂಡು ಮಾಡಿದಾಗ ಒಂದು ಗುಂಡಿನ ಅಡ್ಡಗಲ ಎಷ್ಟೋ ನಳಿಗೆ ಅಷ್ಟು, ಸುಮಾರು 18.5 ಮಿ.ಮೀ. ಹಾಗಾಗಿ 20 ಬೋರ್ ಅಂದರೆ ಅದಕ್ಕಿಂತ ಚಿಕ್ಕದು, ದೊಡ್ಡದಲ್ಲ! ಹೊಸಬರಿಗೆ 12 ಬೋರೇ ಸರಿ. ತೋಟೆ ಸುಲಭವಾಗಿ ಸಿಗುವುದು ಅದಕ್ಕೇ. ಹಗುರವೆಂದು 20 ಬೋರ್ ಕೊಂಡರೆ ಒದೆತವೇನೂ ಕಡಿಮೆಯಾಗಬೇಕಿಲ್ಲ. ಅದೇ ಭಾರದ ಚರೆಯನ್ನು ಹಗುರ ಕೋವಿಯಿಂದ ಹಾರಿಸಿದರೆ ಭುಜಕ್ಕೆ ಪೆಟ್ಟು ಹೆಚ್ಚು. ಅಂತಾರಾಷ್ಟ್ರೀಯ ನಿಯಮದಲ್ಲಿ ತೋಟೆಯೊಳಗಿನ ಚರೆ 24 ಗ್ರಾಂ ಮೀರಬಾರದು. ಮೂರೂವರೆ ಕಿಲೋ ತೂಗುವ 12 ಬೋರ್ ಕೋವಿಯಲ್ಲಿ 24 ಗ್ರಾಂ ತೋಟೆ ಹಾಕಿ ನೋಡಿ, ಸಂಜೆ ಊಟದ ಚಮಚ ಎತ್ತಲು ಕೈ ಬರುತ್ತದೆ.

ನಳಿಗೆಗಳು ಪಕ್ಕಪಕ್ಕ ಇರಬೇಕೋ ಮೇಲೆ ಕೆಳಗೆ ಇರಬೇಕೋ ಅನ್ನುವುದು ದೊಡ್ಡ ಜಗಳ. ಪಂದ್ಯಕ್ಕೆ ಹೋಗುವವರೆಲ್ಲ ಮೇಲೆಕೆಳಗಿನದನ್ನೇ ಹಿಡಿಯುತ್ತಾರೆ. ಒಂದೇ ನಳಿಗೆಯ ಬೆನ್ನ ಮೇಲೆ ಕಣ್ಣಿಟ್ಟು ಗುರಿ ಹಿಡಿಯುವುದು ಸಲೀಸು. ಆದರೆ ನಮ್ಮ ದೇಶದಲ್ಲಿ ಅದು ಅಗ್ಗವಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯರು ಹೊರದೇಶದ ಕೋವಿ ತರಿಸುವಂತಿಲ್ಲ, ಹೆಸರಾದ ಶೂಟರುಗಳಿಗಷ್ಟೇ ಆ ಸವಲತ್ತು. ಆದ್ದರಿಂದ ಹಳೆಯ ವಿದೇಶಿ ಕೋವಿಗೆ ಇಲ್ಲಿ ಹುಚ್ಚು ಬೆಲೆ. ಇಂಗ್ಲೆಂಡಿನಲ್ಲಿ ಓದಲು ಹೋದ ಗೆಳೆಯ ಸೆಕೆಂಡ್ ಹ್ಯಾಂಡ್ ಬೆರೆಟಾ ಅಥವಾ ಮಿರೋಕು ನೋಡು ಅಂದರೆ ಅದು ಅವನ ಊರಿನ ಬುದ್ಧಿಮಾತು. ನಮಗೆ ಕೈಗೆಟುಕುವುದು ಸರ್ಕಾರಿ ಕಾರ್ಖಾನೆಯ ಪಕ್ಕಪಕ್ಕದ ಜೋಡುನಳಿಗೆ. ನೋಡಲು ಒರಟು, ಆದರೆ ಗಟ್ಟಿ. ಭಾನುವಾರದ ಆಟಕ್ಕೆ ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂಟಿನಳಿಗೆ ಮಾತ್ರ ಬೇಡ: ಹಗುರ, ಒದೆಯುತ್ತದೆ, ತಪ್ಪಿದರೆ ಎರಡನೇ ಈಡಿಲ್ಲ.

ಇನ್ನು ಚೋಕ್, ಅಂದರೆ ನಳಿಗೆಯ ತುದಿಯ ಬಿಗಿತ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಂತೆ ಅಂತಿಟ್ಟುಕೊಳ್ಳಿ. ಪೂರ್ತಿ ಬಿಗಿಯಾದ ನಳಿಗೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆ ಇಡುತ್ತದೆ. ಬಿಗಿತವೇ ಇಲ್ಲದ್ದು ಸುಮಾರು 40. ಸ್ಕೀಟ್‌ನ ಬಿಲ್ಲೆ ಹತ್ತಿರ ಬರುವುದರಿಂದ ಚರೆ ಹರಡಿದಷ್ಟೂ ಲಾಭ. ಟ್ರಾಪ್‌ಗೆ ಬಿಗಿ ಬೇಕು. ಕಲಿಯುವವನು ಬಿಗಿ ನಳಿಗೆ ಹಿಡಿದು ಹತ್ತಿರದ ಬಿಲ್ಲೆಗೆ ಹೊಡೆಯುವುದು ಒನಕೆಯಿಂದ ಸೊಳ್ಳೆ ಹೊಡೆದಂತೆ.

ಇದೆಲ್ಲಕ್ಕಿಂತ ಮುಖ್ಯ, ಕೋವಿ ನಿಮ್ಮ ಮೈಗೆ ಹೊಂದಬೇಕು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಮರಕ್ಕೆ ತಾಗಿಸಿ, ಕಣ್ಣು ಬಿಡಿ. ನಳಿಗೆಯ ಬೆನ್ನು ನೇರ ಕಂಡರೆ ಸರಿ. ಕುತ್ತಿಗೆ ಕೊಂಕಿಸಬೇಕಾದರೆ ಅದು ಇನ್ನೊಬ್ಬರ ಕೋವಿ. ಎರಡು ಕಣ್ಣಲ್ಲಿ ಯಾವುದು ಯಜಮಾನ ಅನ್ನುವುದನ್ನೂ ಮೊದಲೇ ತಿಳಿಯಿರಿ: ದೂರದ ಕಂಬಕ್ಕೆ ಬೆರಳು ತೋರಿಸಿ ಎಡಗಣ್ಣು ಮುಚ್ಚಿ, ಬೆರಳು ಕಂಬದಿಂದ ಜಾರಿದರೆ ನಿಮ್ಮ ಎಡಗಣ್ಣೇ ಯಜಮಾನ.

ಈಗ ಅಜ್ಜನ ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ನಮಗೆ ನಿಮಗೆ ಅದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮೊದಲು ಲೈಸೆನ್ಸು, ಆಮೇಲೆ ಅಂಗಡಿ. ಆದರೆ ವಿನಾಯಿತಿ ಕಾಗದಕ್ಕೇ ಹೊರತು ಕಬ್ಬಿಣಕ್ಕಲ್ಲ. ಹಳೆಯ ಕೋವಿಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟೆಗೆ ಮಾಡಿದವು. ಈಗಿನ ಎರಡೂ ಮುಕ್ಕಾಲು ಇಂಚಿನ ತೋಟೆ ಅದರೊಳಗೆ ಕೂರುತ್ತದೆ, ಅಲ್ಲೇ ಮೋಸ! ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಒಳಗೆ ತುಕ್ಕು ಹಿಡಿದಿದ್ದರೆ ಹೊರಗಿನಿಂದ ತಿಳಿಯದು. ಗೋಡೆಗೆ ಚೆಂದ. ಕೈಲ್ ಪೊಳ್ದ್ ದಿನ ಹೂವೇರಿಸಿ ಪೂಜೆ ಮಾಡಲಿ, ರೇಂಜಿಗೆ ತರುವ ಮೊದಲು ಬಲ್ಲ ಕೋವಿ ರಿಪೇರಿಯವನಿಂದ ಅಳತೆ ಮಾಡಿಸಲಿ.

ಸಾಲ ಮಾಡುವ ಗೆಳೆಯನಿಗೆ: ಹಲವು ರೈಫಲ್ ಕ್ಲಬ್ಬುಗಳಲ್ಲಿ ಕ್ಲಬ್ಬಿನ ಕೋವಿಯೇ ಇರುತ್ತದೆ. ಕಲಿಸುವವರ ಕಣ್ಣೆದುರು ಅದರಲ್ಲೇ ಹತ್ತು ಸುತ್ತು ಹೊಡಿ, ಅಂದರೆ 250 ತೋಟೆ. ಆಗ ನಿನ್ನ ಭುಜ, ನಿನ್ನ ಕಣ್ಣು, ನಿನ್ನ ಪರ್ಸು ಮೂರೂ ಏನು ಕೇಳುತ್ತವೆ ಗೊತ್ತಾಗುತ್ತದೆ. ಕೋವಿಯ ದುಡ್ಡಿನಲ್ಲಿ ಅರ್ಧ ಉಳಿಸಿ ತೋಟೆಗೆ ಇಟ್ಟುಕೋ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಅದರಲ್ಲೇ ಬರಲಿ.

ಮತ್ತೊಂದು. ಕ್ಲಬ್ಬಿನಲ್ಲಿ ಎರಡೂ ಬೋರಿನ ಕೋವಿಗಳಿದ್ದರೆ ತೋಟೆಗಳನ್ನು ಒಂದೇ ಜೇಬಿಗೆ ಹಾಕಬೇಡಿ. 20 ಬೋರಿನ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಖಾಲಿ ಅನ್ನಿಸುತ್ತದೆ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುವುದು ಎಡಗೈ ಇರುವ ಜಾಗದಲ್ಲೇ. ಅದಕ್ಕೇ ಹೆಚ್ಚಿನ ಕಂಪನಿಗಳು 20ರ ತೋಟೆಗೆ ಹಳದಿ ಬಣ್ಣ ಕೊಡುತ್ತವೆ. 12ರ ಕೋವಿ ಹಿಡಿದಿರುವಾಗ ಜೇಬಿನಿಂದ ಹಳದಿ ಬಂದರೆ ಅಲ್ಲೇ ನಿಲ್ಲಿ, ಕೋವಿ ಮಡಿಚಿ ತೆರೆಯಿರಿ, ಬೆಳಕಿಗೆ ಹಿಡಿದು ಎರಡೂ ನಳಿಗೆಯ ಆಚೆಬದಿ ಕಾಣುವವರೆಗೂ ಇನ್ನೊಂದು ತೋಟೆ ತುಂಬಬೇಡಿ.