ಅಕ್ಷರ ಬಂದ ಮಾತ್ರಕ್ಕೆ ಓದು ಬಂದೀತೇ?

“ದೊಡ್ಡಮ್ಮಾ, ಆ ಹುಡುಗಿ ‘ಅ’ದಿಂದ ‘ಳ’ದವರೆಗೆ ಗಿಳಿಯ ಹಾಗೆ ಒಪ್ಪಿಸುತ್ತಾಳೆ. ‘ಸರ’ ಅಂತ ಬರೆದು ತೋರಿಸಿದರೆ ಮಾತೇ ಇಲ್ಲ. ಎಂತ ಮಾಡುವುದು?”

ಮೂಡುಬಿದಿರೆಯ ನನ್ನ ತಂಗಿಯ ಮಗಳು ಬಂಟ್ವಾಳದ ನಮ್ಮ ಮನೆಗೆ ಬಂದಾಗ ಕೇಳಿದ ಮಾತಿದು. ಪಿ.ಯು.ಸಿ. ಆದ ಮೇಲೆ ಟೀಚರ್ ಆಗಲೆಂದು ಡಿ.ಎಲ್.ಇಡಿ. ಓದುತ್ತಿದ್ದಾಳೆ. ಪಾಠದ ಅಭ್ಯಾಸಕ್ಕೆ ಬೆಳ್ತಂಗಡಿ ಕಡೆಯ ಹಳ್ಳಿಶಾಲೆಗೆ ಹೋಗಿದ್ದಳು.

ನನ್ನ ಮಗನೂ ಸಣ್ಣವನಿದ್ದಾಗ ಹೀಗೆಯೇ ಇದ್ದ. “ದಡ್ಡ” ಎಂದು ಗದರಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ತಪ್ಪು ಮಗುವಿನದಲ್ಲ, ಕಲಿಸಿದ ಕ್ರಮದ್ದು.

ನೋಡಿ, ಬಾಯಿಪಾಠ ಬೇರೆ, ಓದು ಬೇರೆ. ಓದಬೇಕಾದರೆ ಅಕ್ಷರ ಕಂಡ ಕೂಡಲೇ ಅದರ ದನಿ ಬಾಯಿಗೆ ಬರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಸುರುವಾದ ‘ನಲಿಕಲಿ’ಯಲ್ಲಿ ‘ಅ ಆ ಇ ಈ’ ಮೊದಲಲ್ಲ. ‘ರ ಗ ಸ ದ ಅ’ ಮೊದಲು. ಏಕೆ ಗೊತ್ತೇ? ಈ ಐದರಿಂದಲೇ ರಸ, ಸರ, ಅಗಸ, ಅರಸ ಎಂದು ಓದಬಹುದು!

ಹಾಗಾಗಿ ಕಲಿಸುವವರು ಮೊದಲು ತಮ್ಮ ಕಿವಿಯನ್ನು ಪಳಗಿಸಬೇಕು. ‘ಮ’ದೊಳಗೆ ‘ಅ’ ಅಡಗಿದೆ. ಗುಡಿಸು ಕೊಟ್ಟರೆ ‘ಅ’ ಹೋಗಿ ‘ಇ’ ಬಂದು ‘ಮಿ’ ಆಗುತ್ತದೆ. ಸೊನ್ನೆ ಒಂದೇ, ಆದರೆ ‘ಅಂಬಿಗ’ದಲ್ಲಿ ತುಟಿ ಮುಚ್ಚುತ್ತದೆ, ‘ಅಂಗಡಿ’ಯಲ್ಲಿ ಮುಚ್ಚುವುದಿಲ್ಲ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರೆಯುವುದು ‘ಯ’ದ ನಂತರ, ಹೇಳುವುದು ಮೊದಲು. ನಮಗೆ ಅಭ್ಯಾಸವಾಗಿದೆ, ಮಗುವಿಗೆ ಗೊಂದಲವಾಗದೇ?

ನಮ್ಮ ಊರಿನಲ್ಲಿ ಇನ್ನೊಂದುಂಟು. ಎಷ್ಟೋ ಮಕ್ಕಳ ಮನೆಮಾತು ತುಳು. ಅಚ್ಚ ತುಳು ಮಾತಿನಲ್ಲಿ ಮಹಾಪ್ರಾಣವಿಲ್ಲ. ಮಗು ‘ಧನ’ವನ್ನು ‘ದನ’ ಎಂದು ಬರೆದರೆ ಅದು ಉದಾಸೀನವಲ್ಲ, ಆ ವ್ಯತ್ಯಾಸ ಇನ್ನೂ ಅದರ ಕಿವಿಗೆ ಬಿದ್ದಿಲ್ಲ. ಅಂಗೈಯನ್ನು ಬಾಯಿಯ ಎದುರು ಹಿಡಿದು ‘ಕ’, ‘ಖ’ ಹೇಳಿಸಿ. ‘ಖ’ ಎಂದಾಗ ಉಸಿರು ಕೈಗೆ ತಾಗುತ್ತದೆ.

ಇದಕ್ಕೆ ಟೀಚರೇ ಆಗಬೇಕೆಂದಿಲ್ಲ. ಬಸಳೆ ಹೆಚ್ಚುವಾಗ ಮಗುವನ್ನು ಹತ್ತಿರ ಕೂರಿಸಿ, “ಬ-ಸ-ಳೆ, ಮೊದಲು ಯಾವುದು ಕೇಳಿತು? ಕೊನೆಗೆ ಯಾವುದು?” ಎಂದು ಕೇಳಿ. ನಂತರ ಸ್ಲೇಟಿನಲ್ಲಿ ಬರೆದು ತೋರಿಸಿ. ದಿನಕ್ಕೆ ಎರಡು ಶಬ್ದ ಸಾಕು.

ತಂಗಿಯ ಮಗಳು ಹಾಗೆಯೇ ಐದು ಅಕ್ಷರಗಳ ಚೀಟಿ ಮಾಡಿಕೊಂಡು ಹೋದಳು. ಕೆಲವು ದಿನ ಕಳೆದು ಆ ಹುಡುಗಿ ‘ಸ’, ‘ರ’ ಜೋಡಿಸಿ ಓದಿ, ತನ್ನ ಕುತ್ತಿಗೆಯ ಮಣಿಸರವನ್ನು ಮುಟ್ಟಿ ತೋರಿಸಿದಳಂತೆ.