ಮತಪತ್ರದ ಕೆಳತುದಿಯಲ್ಲಿದೆ ಅಸಲಿ ಅಧಿಕಾರ: ಮಿಷಿಗನ್ ಮಧ್ಯಂತರ ಚುನಾವಣೆ ನಡೆದದ್ದು ಹೀಗೆ

ಭಾರತದಲ್ಲಿ ಮಧ್ಯಂತರ ಚುನಾವಣೆ ಎಂದರೆ ಸದನ ಅವಧಿಗೆ ಮುನ್ನವೇ ವಿಸರ್ಜನೆಯಾಗಿ ಎದುರಾಗುವ ಚುನಾವಣೆ. ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ, ಮೊದಲೇ ನಿಗದಿಯಾದ ದಿನ ನಡೆಯುವ ಮತದಾನಕ್ಕೆ ಅಲ್ಲಿ ಈ ಹೆಸರು.

2022ರ ನವೆಂಬರ್ 8ರಂದು ಮಿಷಿಗನ್ ರಾಜ್ಯದ ಮತದಾರರ ಕೈಗೆ ಸಿಕ್ಕಿದ್ದು ಉದ್ದನೆಯ ಒಂದು ಮತಪತ್ರ. ಸಂಸತ್ತಿನ ಕೆಳಮನೆ ಸದಸ್ಯ, ಗವರ್ನರ್, ಅಟಾರ್ನಿ ಜನರಲ್, ರಾಜ್ಯದ ಎರಡೂ ಸದನಗಳ ಶಾಸಕರು, ಕೌಂಟಿ ಕಮಿಷನರ್, ಸರ್ಕಾರಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ, ನ್ಯಾಯಾಧೀಶರು, ಹಲವೆಡೆ ಶಾಲಾ ಮಂಡಳಿ ಎಲ್ಲವೂ ಅದರಲ್ಲೇ ಇದ್ದವು. ಮುಂಬೈ ಮತದಾರ ಲೋಕಸಭೆ, ವಿಧಾನಸಭೆ, ಪಾಲಿಕೆಗೆಂದು ಬೇರೆ ಬೇರೆ ಹೊತ್ತಿನಲ್ಲಿ ಹಾಕುವ ಮತವನ್ನು ಅಲ್ಲಿ ಒಂದೇ ಸಲ ಹಾಕಬೇಕು.

ಇದಕ್ಕೊಂದು ಸುಲಭ ದಾರಿಯೂ ಇದೆ. ಪಕ್ಷದ ಹೆಸರಿನ ಮುಂದೆ ಒಂದೇ ಗುರುತು ಹಾಕಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಬೀಳುತ್ತದೆ. ಆದರೆ ಪಕ್ಷದ ಹೆಸರಿಲ್ಲದ ಭಾಗಕ್ಕೆ ಈ ಗುರುತು ಅನ್ವಯಿಸುವುದಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಹೆಸರು ಇರುವುದು ಅಲ್ಲೇ. ಅವರನ್ನು ಸೂಚಿಸುವುದು ಪಕ್ಷದ ಸಮಾವೇಶಗಳೇ ಆದರೂ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ವಿಚಿತ್ರ ವ್ಯವಸ್ಥೆ! ಮೇಲ್ಭಾಗದಲ್ಲಿ ಒಂದು ಗುರುತು ಹಾಕಿ ಹೊರಟವರ ಮತ ಈ ಹುದ್ದೆಗಳಿಗೆ ಸೇರುವುದಿಲ್ಲ.

ಆ ಹುದ್ದೆಗಳ ತೂಕ ಎಷ್ಟೆಂಬುದು ಅದೇ ವರ್ಷ ಗೊತ್ತಾಯಿತು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಪಡಿಸಿತು. ಮಿಷಿಗನ್‌ನಲ್ಲಿ 1931ರ ಗರ್ಭಪಾತ ನಿಷೇಧ ಕಾನೂನು ಇನ್ನೂ ಕಡತದಲ್ಲಿತ್ತು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೆಂದು 7 ಲಕ್ಷಕ್ಕೂ ಹೆಚ್ಚು ಸಹಿಗಳೊಂದಿಗೆ ಅರ್ಜಿ ಸಲ್ಲಿಕೆಯಾಯಿತು. ಅದನ್ನು ಜನಮತಕ್ಕೆ ಇಡಬೇಕಾದ ಮಂಡಳಿಯಲ್ಲಿ ಎರಡೂ ಪಕ್ಷಗಳ ತಲಾ ಇಬ್ಬರು ಸದಸ್ಯರು. ಅರ್ಜಿಯಲ್ಲಿ ಪದಗಳ ನಡುವೆ ಸಾಕಷ್ಟು ಜಾಗ ಬಿಟ್ಟಿಲ್ಲ ಎಂಬ ತಕರಾರಿನ ಮೇಲೆ ಮತ 2-2 ಆಗಿ ಪ್ರಸ್ತಾವ ಅಲ್ಲೇ ನಿಂತಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟ್ 5-2ರ ಬಹುಮತದಿಂದ ಅದನ್ನು ಮತಪತ್ರದಲ್ಲಿ ಸೇರಿಸುವಂತೆ ಆದೇಶಿಸಿತು. ನವೆಂಬರ್‌ನಲ್ಲಿ ಶೇ 56ಕ್ಕೂ ಹೆಚ್ಚು ಮತದಾರರು ಒಪ್ಪಿದರು.

ಅದೇ ದಿನ ಗವರ್ನರ್ ಗ್ರೆಚೆನ್ ವಿಟ್ಮರ್ ಮರು ಆಯ್ಕೆಯಾದರು. ಸುಮಾರು 40 ವರ್ಷಗಳ ಬಳಿಕ ರಾಜ್ಯದ ಎರಡೂ ಸದನಗಳು ಡೆಮಾಕ್ರಟಿಕ್ ಪಕ್ಷದ ಪಾಲಾದವು. ಅಂತರ ಮಾತ್ರ ಕೂದಲೆಳೆಯದ್ದು: ಕೆಳಮನೆಯಲ್ಲಿ 56-54, ಮೇಲ್ಮನೆಯಲ್ಲಿ 20-18.

ಡೆಟ್ರಾಯಿಟ್ ಭಾಗದ 13ನೇ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದ ಶ್ರೀ ಠಾಣೇದಾರ್ ಬೆಳಗಾವಿಯಲ್ಲಿ ಬೆಳೆದವರು. ಅದು ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಹಾಗಾಗಿ ಅಲ್ಲಿ ಅಸಲಿ ಸ್ಪರ್ಧೆ ಇದ್ದದ್ದು ನವೆಂಬರ್‌ನಲ್ಲಲ್ಲ, ಆಗಸ್ಟ್‌ನಲ್ಲಿ ನಡೆದ ಪಕ್ಷದ ಒಳಚುನಾವಣೆಯಲ್ಲಿ. ಕಣದಲ್ಲಿದ್ದವರು ಒಂಬತ್ತು ಮಂದಿ. ಮತ ಹಂಚಿಹೋಗಿ, ಶೇ 30ಕ್ಕಿಂತ ಕಡಿಮೆ ಮತ ಪಡೆದೂ ಠಾಣೇದಾರ್ ಗೆದ್ದರು. ಕಪ್ಪು ಜನರೇ ಬಹುಸಂಖ್ಯಾತರಾದ ಡೆಟ್ರಾಯಿಟ್ ನಗರಕ್ಕೆ ದಶಕಗಳ ಬಳಿಕ ಸಂಸತ್ತಿನಲ್ಲಿ ಆ ಸಮುದಾಯದ ಪ್ರತಿನಿಧಿ ಇಲ್ಲದಂತಾಯಿತು. ಆಗಸ್ಟ್‌ನಲ್ಲಿ ಮತ ಹಾಕದೆ ನವೆಂಬರ್‌ಗೆ ಕಾದಿದ್ದವರಿಗೆ ಅದನ್ನು ಬದಲಿಸುವ ಅವಕಾಶ ಉಳಿದಿರಲಿಲ್ಲ.